ಹಲ್ಲು, ಮಂಗಳವಾರ

ಗುತ್ತಲು ರಸ್ತೆಯಲ್ಲಿ, ಪಂಪ್‌ಸೆಟ್ ರಿಪೇರಿ ಅಂಗಡಿಯ ಮೇಲೆ
ನಮ್ಮ ಆಟ ತಯಾರಾಗುತ್ತಿದೆ.
ಐದು ಜನ, ಆರು ಕುರ್ಚಿ, ಒಂದು ಕಪ್ಪೆ.
ಕಪ್ಪೆ ನಾಲೆ ದಾಟಬೇಕು, ಆಟ ಅಷ್ಟೇ.
ಹದಿನಾಲ್ಕು ತಿಂಗಳಿಂದ ದಾಟುತ್ತಲೇ ಇದೆ.

ಗೋಡೆಗೆ ಮೂರು ಪಟ್ಟಿ ಎಳೆದವಳು ನಾನು:
ಮಾಡಬೇಕು. ಮಾಡ್ತಾ ಇದೀವಿ. ಆಯ್ತು.
ಹಳದಿ ಚೀಟಿ ಸಬಿಹಾಳದು, ಕೋಡ್ ಅವಳದು.
ಹಸಿರು ಬೋರೇಶನದು, ಚಿತ್ರ ಬಿಡಿಸುವವನು.
ನೀಲಿ ರೂಬೆನ್ನನದು. ಒಂದೇ ಒಂದು ‘ಪ್ಲಕ್’ ಶಬ್ದಕ್ಕಾಗಿ
ಬಕೆಟ್ಟಿಗೆ ನಲವತ್ತು ನಿಂಬೆಹಣ್ಣು ಎಸೆದು
ಆಮೇಲೆ ಅವನ್ನೇ ಪಾನಕ ಮಾಡಿ ಕುಡಿಸಿದವನು.
ಗುಲಾಬಿ, ಆಡಿ ಆಡಿ ತಪ್ಪು ಹುಡುಕುವ ಪ್ರದ್ಯುಮ್ನನಿಗೆ.
ಮೂರನೇ ಪಟ್ಟಿಯಲ್ಲಿ ಚೀಟಿಗಿಂತ ಸುಣ್ಣವೇ ಹೆಚ್ಚು.

ಬೋರೇಶ ನಾಳೆ ಅಂದರೆ ನಾಳಿದ್ದು.
ಸಬಿಹಾ ಅರ್ಧ ಗಂಟೆ ಅಂದರೆ ಗುರುವಾರ.
ಇದನ್ನೆಲ್ಲ ಯಾವ ಕೋರ್ಸಿನಲ್ಲೂ ಕಲಿಯಲಿಲ್ಲ ನಾನು.
ನಮ್ಮ ದೊಡ್ಡಪ್ಪ ನೀರುಗಂಟಿ.
ಯಾರ ಗದ್ದೆಗೆ ಯಾವ ರಾತ್ರಿ, ಎಷ್ಟು ಬೀಡಿ ಹೊತ್ತು ನೀರು,
ಎಲ್ಲ ತಲೆಯಲ್ಲೇ. ಕಾಗದದ ಮೇಲೆ ಒಂದು ಗೀಟೂ ಇಲ್ಲ.
“ಕೊನೇ ಗದ್ದೇನ ಮೊದ್ಲು ನೋಡು ಮಗ,
ಮೊದ್ಲು ಗದ್ದೆಯೋನು ಹೆಂಗೂ ಕದ್ದು ಕಟ್ಕತನೆ.”
ಹಾಗಾಗಿ ಪ್ರದ್ಯುಮ್ನನಿಂದ ಹಿಂದಕ್ಕೆ ಎಣಿಸುತ್ತೇನೆ:
ಶುಕ್ರವಾರ ಅವನ ಕೈಗೆ ಆಟ ಸಿಗಬೇಕಾದರೆ
ಬುಧವಾರ ಸಬಿಹಾ ತೂಬು ಎತ್ತಬೇಕು,
ಸೋಮವಾರವೇ ಕಪ್ಪೆಗೆ ಹಿಂಗಾಲು ಬಂದಿರಬೇಕು.
ಭಾನುವಾರ ರಾತ್ರಿ ಬೋರೇಶನ ಫೋನು:
“ಅಕ್ಕೋ, ಮುಂಗಾಲು ಆಯ್ತು.”

ನನ್ನ ಕೆಲಸಗಳಿಗೆ ಬಣ್ಣವಿಲ್ಲ.
ಅವು ಪರ್ಸಿನೊಳಗೆ, ಕರೆಂಟ್ ಬಿಲ್ಲಿನ ಬೆನ್ನ ಮೇಲೆ:
ಗ್ಯಾಸ್ ಬುಕ್. ಸ್ಕೂಟರ್ ವಿಮೆ.
ಮಗಳ ಲಂಗಕ್ಕೆ ಹುಕ್ಕು.
ಹಲ್ಲು, ಮಂಗಳವಾರ.
ಆ ಮಂಗಳವಾರ ಹೋಯಿತು, ಬಿಲ್ಲು ಬದಲಾಯಿತು,
ಹೊಸ ಬಿಲ್ಲಿನ ಬೆನ್ನಿಗೆ ಮತ್ತೆ: ಹಲ್ಲು, ಮಂಗಳವಾರ.
ಏಳು ವಾರ ಮುದ್ದೆಯ ಮೇಲೆ ಬದುಕಿದೆ.
ನುಂಗಿದರಾಯಿತಲ್ಲ, ಅಗಿಯುವ ಗೋಜಿಲ್ಲ.

ಒಂದು ಸಂಜೆ ಬಿಲ್ಲು ಸಿಗದೆ
ಕೈಗೆ ಬಂದ ಹಸಿರು ಚೀಟಿಯಲ್ಲಿ ಬರೆದೆ:
ಹಲ್ಲು. ಮಂಗಳವಾರದೊಳಗೆ. ತಪ್ಪಬಾರದು.
ಎಲ್ಲಿಟ್ಟೆನೋ. ಯಾರು ಎತ್ತಿ ಅಂಟಿಸಿದರೋ.

ಮಂಗಳವಾರ ಬೆಳಿಗ್ಗೆ ಬೋರೇಶ,
ಕೆಂಪು ಕಣ್ಣು, ಬಾಚದ ತಲೆ,
ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ.
ಕಪ್ಪೆ ನೆಗೆಯಿತು. ಹಿಂಗಾಲು ಇನ್ನೂ ನೀರಲ್ಲೇ.
ಆದರೆ ಬಾಯಿ ತೆರೆಯಿತು.
ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು,
ಎಳೆ ಜೋಳದ ಕಾಳಿನ ಹಾಗೆ ಒತ್ತೊತ್ತಾಗಿ ಹಲ್ಲು!
“ನೀವೇ ಬರ್ದಿದ್ರಲ್ಲಕ್ಕ, ತಪ್ಪಬಾರ್ದು ಅಂತ ಬೇರೆ.
ಯಾಕೆ ಅಂತ ಕೇಳನ ಅನ್ಕಂಡೆ, ಅರ್ಧ ರಾತ್ರಿ ಆಗೋಗಿತ್ತು.”
ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ
ಅವನ ಕೆಲಸ ಹೇಳಿದ ದಿನಕ್ಕೆ ಮುಗಿದಿತ್ತು.

ನಗಲು ಹೋದೆ, ದವಡೆ ಹಿಡಿದುಕೊಂಡು ಕೂತೆ.
ಸಬಿಹಾ ಒಮ್ಮೆ ಕಪ್ಪೆ ನೋಡಿದಳು, ಒಮ್ಮೆ ನನ್ನ ಕೆನ್ನೆ.
ಏನೂ ಹೇಳದೆ ಎದ್ದು ಹೋಗಿ
ಆ ಹಸಿರು ಚೀಟಿಯ ಮೇಲೆ ‘ಶಶಿರೇಖಕ್ಕ’ ಅಂತ ಬರೆದಳು.
ಆ ಗೋಡೆಯಲ್ಲಿ ನನ್ನ ಹೆಸರು ಅದೇ ಮೊದಲು.
ಎರಡನೇ ಪಟ್ಟಿಗೆ ಸರಿಸಿ, ಹೆಬ್ಬೆರಳಿನಿಂದ ಒತ್ತಿ,
ನನ್ನ ಸ್ಕೂಟರಿನ ಕೀ ತಾನೇ ಎತ್ತಿಕೊಂಡಳು.

ನೂರಡಿ ರಸ್ತೆ. ಡಾಕ್ಟರ ಕುರ್ಚಿ.
ಬಾಯೊಳಗೆ ಕನ್ನಡಿ, ಹತ್ತಿ, ಸೊರಸೊರ ಎನ್ನುವ ಕೊಳವೆ.
ಮಡಿಲಲ್ಲಿ ಫೋನು ನಡುಗಿತು. ಪ್ರದ್ಯುಮ್ನ:
“ಹಲ್ಲಿರೋ ಕಪ್ಪೇನ ನನ್ನ ತಂಗಿಗೆ ಕಳಿಸ್ದೆ ಅಕ್ಕ, ಆಟ ಬಿಡ್ತಾನೇ ಇಲ್ಲ.
ಹಲ್ಲು ಇಟ್ಕೊಳ್ಳೋದಾ, ಕೀಳೋದಾ?”

ಡಾಕ್ಟರೂ ಅದನ್ನೇ ಕೇಳುತ್ತಿದ್ದರು.
ಇಬ್ಬರಿಗೂ ನಾನು
‘ಆ’ ಅಂದೆ.